ಫ್ರೀ ಮ್ಯಾಪ್‌ಗೆ ದಾರಿ ಹೇಳಿಕೊಟ್ಟವರು ಯಾರು?

ಕಳೆದ ಮಳೆಗಾಲದಲ್ಲಿ ನಾವು ನಾಲ್ಕು ಜನ, ಎರಡು ಬೈಕ್‌ನಲ್ಲಿ ತೀರ್ಥಹಳ್ಳಿ ಕಡೆ ಗೆಳೆಯನ ಊರಿಗೆ ಹೊರಟಿದ್ವಿ. ಫೋನ್‌ನಲ್ಲಿದ್ದ ಮ್ಯಾಪ್ 12 ನಿಮಿಷ ಉಳಿಯುತ್ತೆ ಅಂತ ಒಂದು ಒಳದಾರಿ ತೋರಿಸ್ತು. ನಂಬಿ ಹೋದ್ವಿ. ಸ್ವಲ್ಪ ದೂರಕ್ಕೆ ಡಾಂಬರು ಮುಗೀತು, ಕೆಸರು ಶುರುವಾಯ್ತು. ಮುಂದೆ ಹಳ್ಳ ತುಂಬಿ ಹರೀತಿತ್ತು. ತೋಟದಿಂದ ಬಂದ ಅಜ್ಜ ಒಬ್ಬರು ನಮ್ಮನ್ನ ನೋಡಿ ನಕ್ಕರು. "ಮೊಬೈಲ್ ನೋಡ್ಕೊಂಡು ಬಂದ್ರಾ? ಮಳೆಗಾಲದಲ್ಲಿ ಇಲ್ಲಿ ಜೀಪೂ ಹೋಗಲ್ಲ ಮಾರಾಯ್ರೇ!"

ಹಾಗಾದ್ರೆ ಮ್ಯಾಪ್ ಲೆಕ್ಕ ತಪ್ಪಿತಾ? ಇಲ್ಲ ಅನ್ಸುತ್ತೆ. ಯಾಕೆ ಅಂತ ನೋಡೋಣ.

ದಾರಿ ಹುಡುಕೋ ಲೆಕ್ಕದ ಮೂಲ ಡೈಕ್‌ಸ್ಟ್ರಾ ಅಲ್ಗಾರಿದಮ್. ನೆದರ್‌ಲ್ಯಾಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ ಇದನ್ನ 1956ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಕೆಫೆಯೊಂದರಲ್ಲಿ ಕೂತು, ಪೆನ್ನು ಪೇಪರ್ ಇಲ್ಲದೆ, ಸುಮಾರು 20 ನಿಮಿಷದಲ್ಲಿ ಯೋಚಿಸಿದ್ರಂತೆ. ಪ್ರಕಟವಾಗಿದ್ದು 1959ರಲ್ಲಿ.

ನಮ್ಮ ಕ್ಯಾಂಪಸ್ಸನ್ನೇ ತಗೊಳ್ಳಿ. ಹಾಸ್ಟೆಲ್‌ನಿಂದ ಲೈಬ್ರರಿಗೆ 2 ನಿಮಿಷ, ಕ್ಯಾಂಟೀನ್‌ಗೆ 4. ಲೈಬ್ರರಿಯಿಂದ ಕ್ಯಾಂಟೀನ್‌ಗೆ 1, ಗೇಟ್‌ಗೆ 7. ಕ್ಯಾಂಟೀನ್‌ನಿಂದ ಗೇಟ್‌ಗೆ 3. ಮೊದಲು ಹತ್ತಿರದ ಲೈಬ್ರರಿ (2) ಆರಿಸಿ. ಅಲ್ಲಿಂದ ಗೇಟ್ 9 ಆಗುತ್ತೆ, ಕ್ಯಾಂಟೀನ್ 4ರ ಬದಲು 3 ಆಗುತ್ತೆ. ಈಗ ಕ್ಯಾಂಟೀನ್ ಆರಿಸಿ, ಗೇಟ್ 9ರಿಂದ 6ಕ್ಕೆ ಇಳಿಯುತ್ತೆ. ಅಷ್ಟೇ. ಇಂದಿನ ಮ್ಯಾಪ್‌ಗಳು ಇದಕ್ಕೆ ವೇಗ ಹೆಚ್ಚಿಸೋ ಉಪಾಯಗಳನ್ನ ಸೇರಿಸ್ತವೆ, ಆದ್ರೆ ಮೂಲ ಐಡಿಯಾ ಇದೇ.

ಗಮನಿಸಿ, ಅಲ್ಗಾರಿದಮ್‌ಗೆ ಕೆಸರು, ಹಳ್ಳ ಯಾವುದೂ ಗೊತ್ತಿಲ್ಲ. ಅದು ನೋಡೋದು ಪ್ರತಿ ರಸ್ತೆಗೆ ಕೊಟ್ಟ ಸಂಖ್ಯೆಯನ್ನ ಮಾತ್ರ. ಅದನ್ನೇ ವೆಯ್ಟ್ ಅಂತೀವಿ. ಆ ಸಂಖ್ಯೆ ತಪ್ಪಾದ್ರೆ ಲೆಕ್ಕ ಸರಿಯಿದ್ರೂ ದಾರಿ ತಪ್ಪುತ್ತೆ.

ಆ ಸಂಖ್ಯೆ ಎಲ್ಲಿಂದ ಬರುತ್ತೆ? ಇಲ್ಲೇ "ಫ್ರೀ" ಅನ್ನೋದರ ಗುಟ್ಟಿದೆ. ಜಿಪಿಎಸ್ ಸಿಗ್ನಲ್ ನಮಗೆ ಉಚಿತ, ಅದರ ಖರ್ಚು ಅಮೆರಿಕ ಸರ್ಕಾರದ್ದು. ಫೋನ್ ಕನಿಷ್ಠ 4 ಉಪಗ್ರಹಗಳ ಸಿಗ್ನಲ್ ಕೇಳಿ ತಾನೆಲ್ಲಿದ್ದೀನಿ ಅಂತ ಲೆಕ್ಕ ಹಾಕುತ್ತೆ. ಆದ್ರೆ ಟ್ರಾಫಿಕ್ ಮಾಹಿತಿ ಕೊಡೋರು ನಾವೇ. ನೂರಾರು ಫೋನ್‌ಗಳು ಒಂದು ಸಿಗ್ನಲ್‌ನಲ್ಲಿ ನಿಧಾನ ಆದ್ರೆ ಆ ರಸ್ತೆ ಕೆಂಪಾಗುತ್ತೆ. ದುಡ್ಡು ಕೊಡದ ನಾವು ನಮ್ಮ ಓಡಾಟದ ಲೆಕ್ಕ ಕೊಡ್ತಿದ್ದೀವಿ. ಅಂದ್ರೆ ಬೆಂಗಳೂರಿನ ಜಂಕ್ಷನ್ ಬಗ್ಗೆ ಮ್ಯಾಪ್‌ಗೆ ಬೇಕಾದಷ್ಟು ಗೊತ್ತು. ದಿನಕ್ಕೆ ನಾಲ್ಕು ಫೋನ್ ಹೋಗೋ ಮಲೆನಾಡಿನ ದಾರಿ ಬಗ್ಗೆ ಇರೋದು ಬರೀ ಅಂದಾಜು.

ಅಂದಾಜು ಮಾಡೋದು ತಪ್ಪಲ್ಲ. ಅಂದಾಜನ್ನ ಖಚಿತ ಅನ್ನೋ ಹಾಗೆ "12 ನಿಮಿಷ" ಅಂತ ತೋರಿಸೋದು ತಪ್ಪು. "ಈ ರಸ್ತೆ ಬಗ್ಗೆ ಮಾಹಿತಿ ಕಡಿಮೆ" ಅನ್ನೋ ಒಂದು ಸಾಲು ಇದ್ದಿದ್ರೆ ನಾವು ಮುಖ್ಯರಸ್ತೆಯಲ್ಲೇ ಹೋಗ್ತಿದ್ವಿ. ಆ ಸಾಲು ಹಾಕ್ಬೇಕಾ ಬೇಡ್ವಾ ಅನ್ನೋದನ್ನ ಅಲ್ಗಾರಿದಮ್ ತೀರ್ಮಾನ ಮಾಡಲ್ಲ. ಅದನ್ನ ತೀರ್ಮಾನ ಮಾಡೋದು ಸಾಫ್ಟ್‌ವೇರ್ ಇಂಜಿನಿಯರ್‌ಗಳು, ಅಂದ್ರೆ ಇನ್ನು ಎರಡು ಮೂರು ವರ್ಷಕ್ಕೆ ನಾವೇ.

ಅಲ್ಲಿವರೆಗೆ ಸುಮ್ನೆ ಕೂರಬೇಕಿಲ್ಲ. 2004ರಲ್ಲಿ ಇಂಗ್ಲೆಂಡ್‌ನಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ನಕ್ಷೆಯನ್ನ ಯಾರು ಬೇಕಾದ್ರೂ ತಿದ್ದಬಹುದು. ವಾಪಸ್ ಬಂದ ರಾತ್ರಿ ನಾನು ಅದರಲ್ಲಿ ಆ ದಾರಿಯನ್ನ ಮಣ್ಣುರಸ್ತೆ ಅಂತ ಗುರುತು ಮಾಡಿದೆ. ಐದು ನಿಮಿಷದ ಕೆಲಸ. ನಿಮ್ಮೂರಿನ ದಾರಿಯನ್ನೂ ಒಮ್ಮೆ ತೆರೆದು ನೋಡಿ. ಅಜ್ಜನಿಗೆ ಗೊತ್ತಿರೋದು ಮ್ಯಾಪ್‌ಗೂ ಗೊತ್ತಾಗಲಿ.