ಇಬ್ಬನಿ, ಕೆಸರು, ಹುರುಳಿ ಕಣ: ಚಳಿಗಾಲದಲ್ಲಿ ನಿಮ್ಮ ಸೈಕಲ್ಲು



ಡಿಸೆಂಬರ್ ತಿಂಗಳ ಒಂದು ಮುಂಜಾನೆ. ನೀವು ಅರಕಲಗೂಡು ತಾಲ್ಲೂಕಿನ ಕೊಣನೂರಿನ ಹತ್ತಿರದ ಒಂದು ಹಳ್ಳಿಯಲ್ಲಿದ್ದೀರಿ ಎಂದುಕೊಳ್ಳಿ. ಕಾವೇರಿ ಹೊಳೆಯ ಕಡೆಯಿಂದ ಮಂಜು ಹಬ್ಬಿದೆ. ಎದುರಿಗಿರುವ ಹುಣಸೆ ಮರವೂ ಸರಿಯಾಗಿ ಕಾಣುತ್ತಿಲ್ಲ. ಶಾಲೆಗೆ ಹೊತ್ತಾಯಿತೆಂದು ಅಂಗಳದಲ್ಲಿ ನಿಲ್ಲಿಸಿದ್ದ ಸೈಕಲ್ಲನ್ನು ತೆಗೆಯುತ್ತೀರಿ. ಸೀಟು ಒದ್ದೆ, ಹ್ಯಾಂಡಲ್ ಒದ್ದೆ. ಆದರೆ ರಾತ್ರಿ ಒಂದು ಹನಿ ಮಳೆಯೂ ಬಂದಿಲ್ಲ! ಪೆಡಲು ತುಳಿದರೆ ಚೈನು 'ಕಿರ್ ಕಿರ್' ಎನ್ನುತ್ತದೆ. ಊರ ಮುಂದಿನ ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಸೈಕಲ್ಲು ಬೇಗ ನಿಲ್ಲುತ್ತಿಲ್ಲ. ಅಷ್ಟರಲ್ಲಿ ಮುಂದೆ ರಸ್ತೆಯ ತುಂಬ ಯಾರೋ ಹುರುಳಿ ಗಿಡ ಹರಡಿರುವುದು ಕಾಣುತ್ತದೆ.

ಈಗ ನೀವು ಏನು ಮಾಡುತ್ತೀರಿ?

ಉತ್ತರ ಹೇಳುವ ಮೊದಲು, ಸೀಟು ಒದ್ದೆಯಾದದ್ದೇಕೆ, ಚೈನು ಕಿರುಗುಟ್ಟಿದ್ದೇಕೆ, ಬ್ರೇಕು ಹಿಡಿಯದೆ ಹೋದದ್ದೇಕೆ ಎಂಬುದನ್ನು ತಿಳಿಯೋಣ. ಕಾರಣ ಗೊತ್ತಾದರೆ ಉಪಾಯ ತಾನಾಗಿಯೇ ಹೊಳೆಯುತ್ತದೆ.

ಒಂದು ಸೈಕಲ್ಲಿನ ಬೆಲೆ

ಹಳ್ಳಿಯ ಮಕ್ಕಳಿಗೆ ಸೈಕಲ್ಲು ಎಂದರೆ ಆಟದ ಸಾಮಾನು ಮಾತ್ರವಲ್ಲ. ಊರಿನಲ್ಲಿ 7ನೇ ತರಗತಿ ಮುಗಿದ ಮೇಲೆ ಪ್ರೌಢಶಾಲೆ ದೂರದಲ್ಲಿರುತ್ತದೆ. ಬಸ್ಸು ಇಲ್ಲದ ಊರಿನಲ್ಲಿ ಶಾಲೆ ಬಿಡುವವರಲ್ಲಿ ಹೆಣ್ಣುಮಕ್ಕಳೇ ಮೊದಲಿಗರು. ಇದನ್ನು ತಪ್ಪಿಸಲೆಂದು ಕರ್ನಾಟಕ ಸರ್ಕಾರ 2006-07ರಲ್ಲಿ 8ನೇ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ಬಂದ 2020ರಲ್ಲಿ ಆ ಹಂಚಿಕೆ ನಿಂತಿತು. ಆಗ ಅಕ್ಕನಿಗೋ ಅಣ್ಣನಿಗೋ ಬಂದ ಸೈಕಲ್ಲು ಇಂದಿಗೂ ಅನೇಕ ಮನೆಗಳಲ್ಲಿದೆ. ನಾಳೆ ಅದು ನಿಮ್ಮದಾಗಬಹುದು. ನಿಮ್ಮ ನಂತರ ತಂಗಿಯದೋ ತಮ್ಮನದೋ ಆಗಬಹುದು. ಅಲ್ಲಿಯವರೆಗೆ ಅದು ಉಳಿಯಬೇಕಲ್ಲವೇ?

ಮಳೆಯಿಲ್ಲದೆ ಒದ್ದೆಯಾದದ್ದು ಹೇಗೆ?

ಗಾಳಿಯಲ್ಲಿ ಯಾವಾಗಲೂ ನೀರಿನ ಆವಿ ಇರುತ್ತದೆ. ಗಾಳಿ ಬೆಚ್ಚಗಿದ್ದಾಗ ಹೆಚ್ಚು ಆವಿ ಇರಲು ಸಾಧ್ಯ, ತಣ್ಣಗಾದಾಗ ಕಡಿಮೆ. ಕಾವೇರಿ ಹೊಳೆ, ಕಟ್ಟೇಪುರದ ಕಡೆಯ ನಾಲೆಗಳು, ನೀರು ನಿಂತ ಗದ್ದೆಗಳು ಇರುವ ಈ ಸೀಮೆಯಲ್ಲಿ ಗಾಳಿಗೆ ಆವಿಯ ಕೊರತೆಯಿಲ್ಲ.

ಚಳಿಗಾಲದಲ್ಲಿ ಮೋಡವಿಲ್ಲದ ರಾತ್ರಿ ನೆಲದ ಮೇಲಿನ ವಸ್ತುಗಳು ತಮ್ಮ ಶಾಖವನ್ನು ಆಕಾಶದ ಕಡೆಗೆ ಸೂಸುತ್ತವೆ. ಸೈಕಲ್ಲಿನ ಸೀಟು, ಬಣ್ಣ ಬಳಿದ ಕೊಳವೆ, ಮಡ್‌ಗಾರ್ಡು ಇವೆಲ್ಲ ತೆಳುವಾದ ವಸ್ತುಗಳು. ಅವುಗಳಲ್ಲಿ ಶಾಖದ ಸಂಗ್ರಹ ಕಡಿಮೆ. ಹಾಗಾಗಿ ಅವು ಸುತ್ತಲಿನ ಗಾಳಿಗಿಂತಲೂ ಬೇಗ ತಣ್ಣಗಾಗುತ್ತವೆ. ಅವನ್ನು ಮುಟ್ಟಿದ ಗಾಳಿಯಲ್ಲಿನ ಆವಿ ಹನಿಯಾಗಿ ಕೂರುತ್ತದೆ. ಇದೇ ಇಬ್ಬನಿ.

ಇಬ್ಬನಿ ಆಕಾಶದಿಂದ ಸುರಿಯುತ್ತದೆ ಎಂದು ಹಿಂದೆ ಹಲವರು ನಂಬಿದ್ದರು. ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬಾತ ಉಣ್ಣೆಯ ಸಣ್ಣ ಉಂಡೆಗಳನ್ನು ರಾತ್ರಿ ಬಯಲಿನಲ್ಲಿ ಇಟ್ಟು, ಬೆಳಗ್ಗೆ ತೂಗಿ, ಎಷ್ಟು ಇಬ್ಬನಿ ಕೂತಿದೆ ಎಂದು ಲೆಕ್ಕ ಹಾಕಿದ. ಮೇಲೆ ಮರೆ ಇದ್ದ ಕಡೆ ಇಬ್ಬನಿ ಕಡಿಮೆ ಎಂದು ಕಂಡುಕೊಂಡ. ತಾನು ಕಂಡದ್ದನ್ನು 1814ರಲ್ಲಿ ಪುಸ್ತಕವಾಗಿ ಪ್ರಕಟಿಸಿದ.

ಮಾಡಿ ನೋಡಿ – 1
ಒಂದೇ ಬಗೆಯ ಎರಡು ಸ್ಲೇಟುಗಳನ್ನು ತೆಗೆದುಕೊಳ್ಳಿ. ಎರಡನ್ನೂ ಒಂದೊಂದು ಹುಲ್ಲಿನ ಕಂತೆಯ ಮೇಲೆ ಇಡಿ. ಒಂದು ಬಯಲಿನಲ್ಲಿರಲಿ, ಇನ್ನೊಂದು ಸೂರಿನ ಕೆಳಗಿರಲಿ. ಬೆಳಗ್ಗೆ ಬಿಸಿಲು ಬೀಳುವ ಮೊದಲು ಬೆರಳಿನಿಂದ ಮುಟ್ಟಿ ನೋಡಿ. ಯಾವುದು ಹೆಚ್ಚು ಒದ್ದೆ? ಮೋಡ ಕವಿದ ರಾತ್ರಿಯಲ್ಲೂ ಇದನ್ನೇ ಮಾಡಿ, ಹೋಲಿಸಿ.

ಈಗ ಹೇಳಿ, ಸೈಕಲ್ಲನ್ನು ರಾತ್ರಿ ಎಲ್ಲಿ ನಿಲ್ಲಿಸಬೇಕು? ಜಗಲಿಯ ಸೂರಿನ ಕೆಳಗಾದರೂ ಸಾಕು, ಕೊಟ್ಟಿಗೆಯ ಅಂಚಾದರೂ ಸಾಕು. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿಡುವುದು ಬೇಡ. ಒಳಗಿನ ತೇವ ಹೊರಗೆ ಹೋಗದೆ ಅಲ್ಲೇ ಉಳಿಯುತ್ತದೆ.

ತುಕ್ಕು ಎಂಬ ಕಳ್ಳ

ಕಬ್ಬಿಣಕ್ಕೆ ನೀರು ಮತ್ತು ಗಾಳಿಯ ಆಮ್ಲಜನಕ ಎರಡೂ ಸಿಕ್ಕಿದರೆ ತುಕ್ಕು ಹಿಡಿಯುತ್ತದೆ. ಕಬ್ಬಿಣವು ಆಮ್ಲಜನಕದೊಡನೆ ಸೇರಿ ನೀರಿನಂಶವುಳ್ಳ ಕಬ್ಬಿಣದ ಆಕ್ಸೈಡ್ ಆಗುತ್ತದೆ. ಇದು ರಾಸಾಯನಿಕ ಬದಲಾವಣೆ. ಒಮ್ಮೆ ಆದ ತುಕ್ಕನ್ನು ಉಜ್ಜಿ ತೆಗೆಯಬಹುದೇ ಹೊರತು ಅದನ್ನು ಮತ್ತೆ ಕೊಳವೆಯ ಕಬ್ಬಿಣವಾಗಿ ಮಾಡಲು ನಮ್ಮಿಂದ ಆಗದು.

ನಿಮ್ಮ ಊರಿನ ಹೊಲದ ಮಣ್ಣು ಕೆಂಪಗಿದೆಯೇ? ಆ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ. ಎಷ್ಟೋ ಸಾವಿರ ವರ್ಷಗಳ ಕಾಲ ಬಂಡೆಗಳು ಗಾಳಿ, ಮಳೆಗೆ ಸಿಕ್ಕಿ ಸವೆದಾಗ ಅವುಗಳಲ್ಲಿದ್ದ ಕಬ್ಬಿಣಕ್ಕೆ ಆದದ್ದೇ ಇಂದು ನಿಮ್ಮ ಸೈಕಲ್ಲಿಗೂ ಆಗುತ್ತಿದೆ!

ಅಲ್ಯೂಮಿನಿಯಂ ಪಾತ್ರೆಯೂ ಆಮ್ಲಜನಕದೊಡನೆ ಸೇರುತ್ತದೆ. ಆದರೆ ಅಲ್ಲಿ ಹುಟ್ಟುವ ಪದರ ಗಟ್ಟಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಕಬ್ಬಿಣದ ತುಕ್ಕು ಹಾಗಲ್ಲ. ಅದು ಹುಡಿಹುಡಿಯಾಗಿ ಉದುರುತ್ತದೆ. ಉದುರಿದ ಕಡೆ ಹೊಸ ಕಬ್ಬಿಣ ತೆರೆದುಕೊಳ್ಳುತ್ತದೆ, ಅದಕ್ಕೂ ತುಕ್ಕು ಹಿಡಿಯುತ್ತದೆ. ಅದಕ್ಕೇ ತುಕ್ಕು ಸದ್ದಿಲ್ಲದೆ ಒಳಗೊಳಗೇ ತಿನ್ನುವ ಕಳ್ಳ.

ಮಾಡಿ ನೋಡಿ – 2
ನಾಲ್ಕು ಗಾಜಿನ ಬಾಟಲಿ, ನಾಲ್ಕು ಸಾದಾ ಕಬ್ಬಿಣದ ಮೊಳೆ ತೆಗೆದುಕೊಳ್ಳಿ.
ಮೊದಲನೆಯದು: ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಬಾಟಲಿ. ಮೊಳೆ ಹಾಕಿ ಮುಚ್ಚಳ ಬಿಗಿಯಿರಿ.
ಎರಡನೆಯದು: ದೊಡ್ಡವರಿಂದ ನೀರು ಕುದಿಸಿಸಿ, ಆರಿದ ಕೂಡಲೇ ಮೊಳೆ ಮುಳುಗುವಷ್ಟು ಹಾಕಿ. ಮೇಲೆ ಒಂದು ಪದರ ಅಡುಗೆ ಎಣ್ಣೆ ಬಿಡಿ. ಕುದಿಸಿದಾಗ ನೀರಿನಲ್ಲಿ ಕರಗಿದ್ದ ಗಾಳಿ ಹೊರಹೋಗುತ್ತದೆ, ಎಣ್ಣೆ ಹೊಸ ಗಾಳಿಯನ್ನು ತಡೆಯುತ್ತದೆ.
ಮೂರನೆಯದು: ಸಾಮಾನ್ಯ ನೀರು. ಮೊಳೆ ಅರ್ಧ ಮುಳುಗಿರಲಿ, ಮುಚ್ಚಳ ಬೇಡ.
ನಾಲ್ಕನೆಯದು: ಮೂರನೆಯದರಂತೆಯೇ, ಆದರೆ ನೀರಿಗೆ ಎರಡು ಚಮಚ ಉಪ್ಪು.
ಒಂದು ವಾರ ಪ್ರತಿದಿನ ನೋಡಿ ಬರೆದಿಡಿ. ಯಾವ ಮೊಳೆಗೆ ಮೊದಲು ತುಕ್ಕು ಹಿಡಿಯಿತು?

ನಾಲ್ಕನೆಯ ಬಾಟಲಿಯಿಂದ ಒಂದು ಮುಖ್ಯ ಪಾಠವಿದೆ. ಉಪ್ಪಿನಂತಹ ಲವಣ ಕರಗಿದ ನೀರು ತುಕ್ಕನ್ನು ಚುರುಕುಗೊಳಿಸುತ್ತದೆ. ಹಿಮ ಬೀಳುವ ದೇಶಗಳಲ್ಲಿ ರಸ್ತೆಯ ಮಂಜುಗಡ್ಡೆ ಕರಗಲೆಂದು ಉಪ್ಪು ಎರಚುತ್ತಾರೆ. ಅಲ್ಲಿ ಚಳಿಗಾಲ ಬಂತೆಂದರೆ ಸೈಕಲ್ಲಿಗೂ ಕಾರಿಗೂ ಉಪ್ಪುನೀರಿನ ಕಾಟ. ನಮ್ಮ ರಸ್ತೆಯಲ್ಲಿ ಉಪ್ಪಿಲ್ಲ. ಆದರೆ ನಮ್ಮ ಕ್ಯಾರಿಯರ್ ಮೇಲೆ ಗೊಬ್ಬರದ ಚೀಲ ಬರುತ್ತದೆ! ಪೊಟ್ಯಾಷ್ ಗೊಬ್ಬರವೂ ಒಂದು ಲವಣವೇ. ಚೀಲದಿಂದ ಉದುರಿದ ಹರಳು ಇಬ್ಬನಿಯಲ್ಲಿ ಕರಗಿದರೆ ಕ್ಯಾರಿಯರ್ ಮತ್ತು ಹಿಂದಿನ ಮಡ್‌ಗಾರ್ಡಿಗೆ ಬೇಗ ತುಕ್ಕು ಹಿಡಿಯುತ್ತದೆ. ಗೊಬ್ಬರ ತಂದ ದಿನ ಸೈಕಲ್ಲನ್ನು ನೀರಿನಿಂದ ತೊಳೆದು, ಬಟ್ಟೆಯಿಂದ ಒರೆಸಿಬಿಡಿ.

ಬಣ್ಣ ಕಬ್ಬಿಣಕ್ಕೆ ಹೊದಿಕೆ. ರಿಮ್ಮಿನ ಹೊಳಪು ಕೂಡ ಹೊದಿಕೆಯೇ. ಅದು ಉಕ್ಕಿನ ಮೇಲೆ ಲೇಪಿಸಿದ ಬೇರೆ ಲೋಹ. ಹೊದಿಕೆ ಹರಿದ ಕಡೆ, ಅಂದರೆ ಗೀರು ಬಿದ್ದ ಕಡೆ, ತುಕ್ಕು ಶುರುವಾಗುತ್ತದೆ. ಗೀರನ್ನು ಒಣಗಿಸಿ, ಮರಳು ಕಾಗದದಿಂದ ಉಜ್ಜಿ, ಒಂದು ಹನಿ ಬಣ್ಣ ಮುಟ್ಟಿಸಿ. ಹೊಳೆಯ ಮೇಲಿನ ಕಬ್ಬಿಣದ ಸೇತುವೆಗಳಿಗೆ ಆಗಾಗ ಬಣ್ಣ ಬಳಿಯುವುದೂ ಇದಕ್ಕೇ.

ಎಣ್ಣೆ ಎಲ್ಲಿಗೆ? ಎಲ್ಲಿಗೆ ಬೇಡ?

ಚೈನಿಗೆ ಬಣ್ಣ ಬಳಿಯಲಾಗದು. ಅದರ ಕೊಂಡಿಗಳು ಸದಾ ಒಂದನ್ನೊಂದು ಉಜ್ಜುತ್ತಿರುತ್ತವೆ. ಎಣ್ಣೆ ಅಲ್ಲಿ ಎರಡು ಕೆಲಸ ಮಾಡುತ್ತದೆ: ಘರ್ಷಣೆ ಕಡಿಮೆ ಮಾಡುತ್ತದೆ, ನೀರನ್ನು ದೂರ ಇಡುತ್ತದೆ.

ಆದರೆ ಕೆಸರಿನ ಮೇಲೆಯೇ ಎಣ್ಣೆ ಬಿಟ್ಟರೆ ಏನಾಗುತ್ತದೆ? ಎಣ್ಣೆಗೆ ಮರಳಿನ ಕಣ ಸೇರಿ ಅರೆಯುವ ಹಿಟ್ಟಿನಂತಾಗಿ ಕೊಂಡಿಗಳನ್ನು ಸವೆಸುತ್ತದೆ. ಆದ್ದರಿಂದ ಮೊದಲು ಹಳೆಯ ಬಟ್ಟೆಯಿಂದ ಚೈನನ್ನು ಒರೆಸಿ. ನಂತರ ಹೊಲಿಗೆ ಯಂತ್ರಕ್ಕೆ ಹಾಕುವಂತಹ ತೆಳು ಎಣ್ಣೆಯನ್ನು ಹನಿಹನಿಯಾಗಿ ಬಿಡಿ. ಪೆಡಲನ್ನು ಹಿಂದಕ್ಕೆ ನಿಧಾನವಾಗಿ ತಿರುಗಿಸಿ. ಕೊನೆಗೆ ಹೊರಗೆ ಉಳಿದ ಎಣ್ಣೆಯನ್ನು ಒರೆಸಿಬಿಡಿ. ಚೈನಿಗೂ ಹಲ್ಲುಚಕ್ರಕ್ಕೂ ನಡುವೆ ಬೆರಳು ಹೋಗದಂತೆ ಎಚ್ಚರ! ಕೊಬ್ಬರಿ ಎಣ್ಣೆ ಬೇಡ. ಚಳಿಗೆ ಅದು ಹೆಪ್ಪುಗಟ್ಟುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ರಿಮ್ಮಿಗೆ ಮತ್ತು ಬ್ರೇಕ್ ರಬ್ಬರಿಗೆ ಎಂದೂ ಎಣ್ಣೆ ತಾಗಬಾರದು. ಅಲ್ಲಿ ನಮಗೆ ಘರ್ಷಣೆ ಬೇಕು.

ಗುಂಡಿಯ ರಸ್ತೆ, ಟೈರಿನ ಗಾಳಿ

ಡಾಂಬರಿನ ಬಿರುಕಿನೊಳಗೆ ಮಳೆನೀರು ಇಳಿದರೆ ಕೆಳಗಿನ ಮಣ್ಣು ಮೆತ್ತಗಾಗುತ್ತದೆ. ಅದರ ಮೇಲೆ ಲಾರಿ, ಟ್ರ್ಯಾಕ್ಟರ್ ಹಾದಾಗ ಮಣ್ಣು ಕುಸಿದು ಡಾಂಬರು ಒಡೆಯುತ್ತದೆ. ಹೀಗೆ ಮಳೆಗಾಲದಲ್ಲಿ ಹುಟ್ಟಿದ ಗುಂಡಿಗಳು ಚಳಿಗಾಲದವರೆಗೂ ನಮಗಾಗಿ ಕಾದಿರುತ್ತವೆ.

ಗುಂಡಿಯ ಪೆಟ್ಟನ್ನು ಮೊದಲು ತಡೆಯುವುದು ಟೈರಿನೊಳಗಿನ ಗಾಳಿ. ಬೆಲ್‌ಫಾಸ್ಟ್ ನಗರದಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗೆ ಗಾಳಿ ತುಂಬಿದ ರಬ್ಬರ್ ಟೈರು ಅಳವಡಿಸಿ, 1888ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅದಕ್ಕೂ ಮೊದಲಿನ ಗಟ್ಟಿ ಗಾಲಿಗಳಲ್ಲಿ ಒರಟು ರಸ್ತೆಯ ಪೆಟ್ಟೆಲ್ಲ ಸವಾರನ ಬೆನ್ನಿಗೇ!

ಗಾಳಿ ಕಡಿಮೆಯಿದ್ದಾಗ ಗುಂಡಿಯ ಅಂಚಿಗೆ ಗಾಲಿ ಬಡಿದರೆ ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕಿ ಹರಿಯುತ್ತದೆ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಇದೇ ಕಾರಣವೆಂದು ತಿಳಿಯಿರಿ. ಒಂದೇ ತೂತಾಗಿದ್ದರೆ ಜಾಲಿಮುಳ್ಳೋ ಮೊಳೆಯೋ ಇರಬಹುದು. ಪಂಕ್ಚರ್ ಹಾಕಿಸುವ ಮುನ್ನ ಟೈರಿನ ಒಳಗೆ ಮುಳ್ಳು ಉಳಿದಿದೆಯೇ ಎಂದು ನೋಡಲು ಹೇಳಿ. ಬರಿ ಬೆರಳು ಹಾಕಬೇಡಿ, ಬಟ್ಟೆಯಿಂದ ಸವರಿ.

ಗುಂಡಿ ತಪ್ಪಿಸಲಾಗದಿದ್ದರೆ ನಿಧಾನಿಸಿ, ಸೀಟಿನಿಂದ ಸ್ವಲ್ಪ ಮೇಲೆದ್ದು, ಎರಡೂ ಪೆಡಲುಗಳನ್ನು ಸಮಮಟ್ಟದಲ್ಲಿಟ್ಟು ದಾಟಿ. ಆಗ ನಿಮ್ಮ ಮೊಣಕಾಲುಗಳೇ ಸ್ಪ್ರಿಂಗಿನಂತೆ ಕೆಲಸ ಮಾಡುತ್ತವೆ. ನೀರು ತುಂಬಿದ ಗುಂಡಿಯ ಆಳ ಕಾಣದು. ಇಳಿದು ತಳ್ಳಿಕೊಂಡು ಹೋಗುವುದೇ ಜಾಣತನ.

ರಸ್ತೆಯ ಮೇಲೊಂದು ಕಣ

ಹಾಸನ, ಮಂಡ್ಯ, ಮೈಸೂರು ಸೀಮೆಯಲ್ಲಿ ಸುಗ್ಗಿಯ ಹೊತ್ತಿಗೆ ರಾಗಿ, ಹುರುಳಿಯನ್ನು ರಸ್ತೆಗೇ ಹರಡಿ, ವಾಹನಗಳ ಗಾಲಿಯಿಂದ ಒಕ್ಕಣೆ ಮಾಡಿಸುವುದನ್ನು ನೀವು ಕಂಡಿದ್ದೀರಿ. ಹಿಂದೆ ಸಗಣಿ ಸಾರಿಸಿದ ಕಣದಲ್ಲಿ ಎತ್ತು ಕಟ್ಟಿ ಗುಂಡು ಹೊಡೆಯುತ್ತಿದ್ದರು. ಕಣ ಮಾಡಲು ಜಾಗ, ಆಳು ಸಿಗದಾದಾಗ ರಸ್ತೆಯೇ ಕಣವಾಯಿತು. ಇದರಿಂದ ದ್ವಿಚಕ್ರ ಸವಾರರು ಬೀಳುತ್ತಾರೆಂದು ಪೊಲೀಸರು ಎಚ್ಚರಿಸುತ್ತಲೇ ಇರುತ್ತಾರೆ.

ಮಾಡಿ ನೋಡಿ – 3
ನೆಲದ ಮೇಲೆ ಒಂದು ದಪ್ಪ ಪುಸ್ತಕವಿಟ್ಟು ಬೆರಳಿನಿಂದ ತಳ್ಳಿ. ಈಗ ಅದರ ಕೆಳಗೆ ಒಂದು ಹಿಡಿ ಹುರುಳಿ ಹರಡಿ ತಳ್ಳಿ. ಏನು ವ್ಯತ್ಯಾಸ?

ಕಾಳುಗಳು ಉರುಳುವುದರಿಂದ ಪುಸ್ತಕ ಸಲೀಸಾಗಿ ಜಾರುತ್ತದೆ. ಸೈಕಲ್ಲಿನ ಗಾಲಿಯ ನಡುವಿನ ಹಬ್ಬಿನಲ್ಲಿ ಉಕ್ಕಿನ ಸಣ್ಣ ಗುಂಡುಗಳನ್ನು ಹಾಕಿರುವುದೂ ಇದೇ ಕಾರಣಕ್ಕೆ. ಹಬ್ಬಿನೊಳಗೆ ಉರುಳುವ ಗುಂಡು ನಮಗೆ ಮಿತ್ರ. ಟೈರಿನ ಕೆಳಗೆ ಉರುಳುವ ಕಾಳು ಶತ್ರು. ಜೊತೆಗೆ ಹುಲ್ಲು, ಬಳ್ಳಿ ಚೈನಿಗೂ ಹಬ್ಬಿಗೂ ಸುತ್ತಿಕೊಂಡು ಗಾಲಿಯನ್ನೇ ನಿಲ್ಲಿಸಬಹುದು.

ಆದ್ದರಿಂದ ಕಣ ಕಂಡರೆ ದೂರದಲ್ಲೇ ವೇಗ ಇಳಿಸಿ, ಇಳಿದು, ತಳ್ಳಿಕೊಂಡು ದಾಟಿ. ಅದರ ಮೇಲೆ ಬ್ರೇಕು ಒತ್ತುವುದೂ, ಹ್ಯಾಂಡಲ್ ತಿರುಗಿಸುವುದೂ ಬೇಡ. ಅದು ಯಾರದೋ ಮನೆಯ ವರ್ಷದ ಕೂಳು. ನಿಮ್ಮ ಮನೆಯವರೇ ಒಕ್ಕುವವರಾದರೆ, ಈ ಪುಸ್ತಕ-ಹುರುಳಿ ಪ್ರಯೋಗವನ್ನು ಅವರಿಗೂ ತೋರಿಸಿ.

ಒದ್ದೆ ಬ್ರೇಕು, ಕವಿದ ಮಂಜು

ರಿಮ್ಮಿನ ಮೇಲೆ ನೀರಿನ ಪದರವಿದ್ದರೆ ರಬ್ಬರು ರಿಮ್ಮನ್ನು ಹಿಡಿಯದೆ ಜಾರುತ್ತದೆ. ಇಬ್ಬನಿಯ ದಿನ ಹೊರಡುವ ಮುನ್ನ ರಿಮ್ಮನ್ನು ಒಣಬಟ್ಟೆಯಿಂದ ಒರೆಸಿ. ಇಳಿಜಾರು ಬರುವ ಮೊದಲೇ ಬ್ರೇಕನ್ನು ಎರಡು ಮೂರು ಬಾರಿ ಮೃದುವಾಗಿ ಒತ್ತಿ ಬಿಡಿ. ರಬ್ಬರೇ ನೀರನ್ನು ಒರೆಸಿ ತೆಗೆಯುತ್ತದೆ.

ಒಂದು ಲೆಕ್ಕ ನೆನಪಿಡಿ. ವೇಗ ಎರಡು ಪಟ್ಟಾದರೆ, ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ನಿಧಾನವಾಗಿ ಬಂದಾಗ 3 ಮೀಟರಿನಲ್ಲಿ ನಿಲ್ಲುವ ಸೈಕಲ್ಲಿಗೆ ಎರಡರಷ್ಟು ವೇಗದಲ್ಲಿ 12 ಮೀಟರ್ ಬೇಕು. ರಸ್ತೆ ಒದ್ದೆಯಾಗಿದ್ದರೆ ಇನ್ನೂ ಹೆಚ್ಚು.

ಮಂಜು ಎಂದರೆ ಗಾಳಿಯಲ್ಲಿ ತೇಲುವ ನೀರಿನ ಕಿರುಹನಿಗಳು. ಅವು ಬೆಳಕನ್ನು ನಾಲ್ಕೂ ಕಡೆ ಚದುರಿಸುವುದರಿಂದ ದೂರದ ವಸ್ತು ಕಾಣುವುದಿಲ್ಲ. ನಿಮಗೆ ಲಾರಿ ಕಾಣದಂತೆ ಲಾರಿಯವರಿಗೂ ನೀವು ಕಾಣುವುದಿಲ್ಲ. ಹಿಂದಿನ ಕೆಂಪು ರಿಫ್ಲೆಕ್ಟರ್ ತಾನೇ ಬೆಳಗದು. ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಅದರ ಮೇಲೆ ಕೆಸರಿದ್ದರೆ ಅದು ಇದ್ದೂ ಇಲ್ಲದಂತೆ. ದಿನವೂ ಒರೆಸಿ. ರಸ್ತೆಯ ಎಡಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಿ. ಗಂಟೆ ಬಾರಿಸಿ. ಏನೂ ಕಾಣದಿದ್ದರೆ ಮಂಜು ಕರಗುವವರೆಗೆ ಕಾಯಿರಿ. ಒಂದು ದಿನ ತಡವಾಗಿ ಬಂದವರನ್ನು ಶಾಲೆ ಒಳಗೆ ಸೇರಿಸಿಕೊಳ್ಳುತ್ತದೆ.

ಭಾನುವಾರದ ಹತ್ತು ನಿಮಿಷ

• ಕೆಸರು ಒಣಗಿ ಗಟ್ಟಿಯಾಗುವ ಮೊದಲೇ ಮಡ್‌ಗಾರ್ಡಿನ ಒಳಗಿನಿಂದ ಕಡ್ಡಿಯಿಂದ ಕೆರೆದು ತೆಗೆಯಿರಿ.
• ತೊಳೆದ ಮೇಲೆ ಒರೆಸಿ, ಬಿಸಿಲಿಗೆ ನಿಲ್ಲಿಸಿ.
• ಚೈನು ಒರೆಸಿ, ಎಣ್ಣೆ ಬಿಡಿ.
• ಬ್ರೇಕ್ ರಬ್ಬರು ಸವೆದಿದೆಯೇ ನೋಡಿ.
• ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮೆತ್ತಗಿದ್ದರೆ ಗಾಳಿ ಹೊಡೆಯಿರಿ.
• ಗಾಲಿ ತಿರುಗಿಸಿ ನೋಡಿ, ಓಲಾಡಿದರೆ ಸೈಕಲ್ ಅಂಗಡಿಯಲ್ಲಿ ಕಡ್ಡಿ ಬಿಗಿ ಮಾಡಿಸಿ.

ಈಗ ಮೊದಲಿನ ಮುಂಜಾನೆಗೆ ಮರಳೋಣ. ಸೈಕಲ್ಲು ಸೂರಿನ ಕೆಳಗಿತ್ತು. ರಿಮ್ಮು ಒರೆಸಿದೆ. ಚೈನು ಸದ್ದು ಮಾಡುತ್ತಿಲ್ಲ. ಇಳಿಜಾರಿನ ತುದಿಯಲ್ಲೇ ನೀವು ವೇಗ ಇಳಿಸಿದ್ದೀರಿ. ಹುರುಳಿ ಕಣದ ಮುಂದೆ ಇಳಿದು, ಸೈಕಲ್ಲು ತಳ್ಳುತ್ತಾ ದಾಟಿ, ಮತ್ತೆ ಹತ್ತಿದ್ದೀರಿ. ಶಾಲೆಯ ಗಂಟೆ ಕೇಳುತ್ತಿದೆ. ನಿಮ್ಮ ನಂತರ ಈ ಸೈಕಲ್ಲು ಹತ್ತಬೇಕಾದ ತಂಗಿಗೂ ಅದು ಕೇಳಿಸಲಿ.

ಯೋಚಿಸಿ, ಉತ್ತರಿಸಿ

1. ಮೋಡ ಕವಿದ ರಾತ್ರಿ ಇಬ್ಬನಿ ಕಡಿಮೆ ಬೀಳುವುದೇಕೆ?
2. ಎಣ್ಣೆಯ ಪದರವಿದ್ದ ಬಾಟಲಿಯ ಮೊಳೆ ನೀರಿನಲ್ಲೇ ಇದ್ದರೂ ಅದಕ್ಕೆ ತುಕ್ಕು ಬೇಗ ಹಿಡಿಯಲಿಲ್ಲ. ಏಕೆ?
3. ಸೈಕಲ್ಲಿನಲ್ಲಿ ಘರ್ಷಣೆ ಬೇಕಾದ ಮೂರು ಜಾಗ, ಬೇಡವಾದ ಮೂರು ಜಾಗ ಪಟ್ಟಿ ಮಾಡಿ.
4. ನಿಮ್ಮ ಮನೆಯಿಂದ ಶಾಲೆಯವರೆಗಿನ ದಾರಿಯ ನಕ್ಷೆ ಬರೆಯಿರಿ. ಗುಂಡಿ, ಇಳಿಜಾರು, ಮಂಜು ಕವಿಯುವ ಜಾಗ, ಒಕ್ಕಣೆ ಮಾಡುವ ಜಾಗ ಗುರುತಿಸಿ. ತರಗತಿಯ ಗೋಡೆಗೆ ಹಚ್ಚಿ.