ಸ್ವಹಸ್ತನಿರ್ಮಿತ ವಿಮಾನದ ಮಾಪಕಗಳು ಮತ್ತು ಅವುಗಳ ವಿದ್ಯುತ್ ಪೂರೈಕೆ

ವಿಮಾನವೆಂದರೆ ಬೃಹತ್ ಕಾರ್ಖಾನೆಯಲ್ಲಿ ಮಾತ್ರ ತಯಾರಾಗುವ ವಸ್ತುವೆಂದು ಕಳಲೆಯಂಥ ಗ್ರಾಮದ ವಿದ್ಯಾರ್ಥಿ ಭಾವಿಸುವುದು ಸಹಜ. ಆದರೆ ನಕ್ಷೆಯನ್ನು ಅನುಸರಿಸಿ ಹವ್ಯಾಸಿಗಳು ತಮ್ಮ ಕೈಯಿಂದಲೇ ಕಟ್ಟಬಹುದಾದ ಸಣ್ಣ ವಿಮಾನಗಳೂ ಉಂಟು. ಅಮೆರಿಕದ ಬರ್ಟ್ ರುಟಾನ್ ಅವರು ರೂಪಿಸಿದ ‘ಲಾಂಗ್-ಈಜೀ’ ಅಂಥವುಗಳಲ್ಲೊಂದು. ಇಂದು ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಎಂದು ಕರೆಯಲ್ಪಡುವ ಬೆಂಗಳೂರಿನ ಸಂಸ್ಥೆಯು ಇದೇ ವಿನ್ಯಾಸವನ್ನು ಆಧರಿಸಿ ಸಂಶೋಧನಾ ವಿಮಾನವೊಂದನ್ನು ಕಟ್ಟಿ 1987ರಲ್ಲಿ ಹಾರಿಸಿತು. ಅನಂತರ ಅಲ್ಲಿಯೇ ಎರಡು ಆಸನಗಳ ‘ಹಂಸ’ ವಿಮಾನವು ರೂಪುಗೊಂಡು 1993ರಲ್ಲಿ ಮೊದಲು ಹಾರಿತು.

ಇಂಥ ವಿಮಾನದ ರೆಕ್ಕೆಗಳಷ್ಟೇ ಮುಖ್ಯವಾದವು ಅದರ ಮಾಪಕಗಳು. ಮೋಡದೊಳಗೆ ಹೊಕ್ಕ ಚಾಲಕನಿಗೆ ಮೇಲು-ಕೆಳಗಿನ ಅರಿವು ತಪ್ಪುತ್ತದೆ. 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯವು ನಡೆಸಿದ ಪ್ರಯೋಗದಲ್ಲಿ, ಮಾಪಕಗಳನ್ನು ನೋಡಿ ಹಾರುವ ಶಿಕ್ಷಣವಿಲ್ಲದ 20 ಚಾಲಕರೂ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡುಗಳು ಮಾತ್ರ. ಆದುದರಿಂದ ಯಾವ ಮಾಪಕ ಬೇಕು ಎಂಬುದಕ್ಕೆ ಮುನ್ನ, ವಿಮಾನವು ಎಲ್ಲಿ, ಯಾವಾಗ ಹಾರಬೇಕು ಎಂಬುದನ್ನು ನಿರ್ಧರಿಸಬೇಕು.

ಹಗಲಿನಲ್ಲಿ, ನೆಲವನ್ನು ಕಾಣುತ್ತ ಹಾರುವ ವಿಮಾನಕ್ಕೆ ವೇಗಮಾಪಕ, ಎತ್ತರಮಾಪಕ, ದಿಕ್ಸೂಚಿ ಹಾಗೂ ಎಂಜಿನ್ನಿನ ಸುತ್ತು, ಎಣ್ಣೆಯ ಒತ್ತಡ, ಉಷ್ಣತೆ ಮತ್ತು ಇಂಧನದ ಮಟ್ಟವನ್ನು ತಿಳಿಸುವ ಮಾಪಕಗಳು ಮೂಲಾವಶ್ಯಕ. ವೇಗಮಾಪಕವು ಪಿಟೋಟ್ ನಳಿಗೆಯೊಳಗೆ ನುಗ್ಗುವ ಗಾಳಿಯ ಒತ್ತಡವನ್ನು ಹೊರಗಿನ ಸ್ಥಿರ ಒತ್ತಡದೊಡನೆ ಹೋಲಿಸುತ್ತದೆ. ಎತ್ತರಮಾಪಕವು ಗಾಳಿಯ ಒತ್ತಡವನ್ನು ಅಳೆಯುತ್ತದೆಯೇ ಹೊರತು ನೆಲದ ದೂರವನ್ನಲ್ಲ. ಮಂಡಕಳ್ಳಿ ವಿಮಾನ ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 2,400 ಅಡಿ ಎತ್ತರದಲ್ಲಿದೆ. ಸಮುದ್ರಮಟ್ಟಕ್ಕೆ ಹೊಂದಿಸಿದ ಮಾಪಕವು ಅಲ್ಲಿ 3,400 ಅಡಿ ತೋರಿಸಿದಾಗ ವಿಮಾನಕ್ಕೂ ನೆಲಕ್ಕೂ ಇರುವ ಅಂತರ ಸುಮಾರು 1,000 ಅಡಿ ಮಾತ್ರ. ಈ ಎರಡು ಮಾಪಕಗಳ ಹಳೆಯ ಮಾದರಿಗಳಿಗೂ ದಿಕ್ಸೂಚಿಗೂ ವಿದ್ಯುತ್ತಿನ ಹಂಗಿಲ್ಲ. ಆದರೆ ತಂತಿಯಲ್ಲಿ ಹರಿಯುವ ವಿದ್ಯುತ್ತು ಕಾಂತಕ್ಷೇತ್ರವನ್ನು ಉಂಟುಮಾಡುವುದರಿಂದ ದಿಕ್ಸೂಚಿಯನ್ನು ತಂತಿಗಳಿಂದ ದೂರವಿಡಬೇಕು.

ವಿಮಾನದ ವಾಲಿಕೆಯನ್ನು ತೋರಿಸುವ ಗೈರೋ ಮಾಪಕವನ್ನು ಹಿಂದೆ ನಿರ್ವಾತ ಪಂಪು ಅಥವಾ ವಿದ್ಯುತ್ ಮೋಟಾರು ತಿರುಗಿಸುತ್ತಿತ್ತು. ಈಗ ಅನೇಕ ವಿಮಾನಗಳಲ್ಲಿ ಸೂಕ್ಷ್ಮ ಸಂವೇದಕಗಳ ನೆರವಿನಿಂದ ಎಲ್ಲ ಮಾಹಿತಿಯೂ ಒಂದೇ ಪರದೆಯ ಮೇಲೆ ಮೂಡುತ್ತದೆ. 2021ರಲ್ಲಿ ಹಾರಿದ ಹೊಸ ‘ಹಂಸ’ದಲ್ಲಿಯೂ ಇಂಥ ಪರದೆಗಳಿವೆ. ಇದರಿಂದ ಭಾರವೂ ಕೊಳವೆಗಳ ಗೊಂದಲವೂ ತಗ್ಗುತ್ತವೆ. ಆದರೆ ವಿದ್ಯುತ್ತು ನಿಂತೊಡನೆ ಎಲ್ಲವೂ ಒಮ್ಮೆಗೇ ಕುರುಡಾಗುವ ಅಪಾಯವೂ ಉಂಟು.

ಆದಕಾರಣ ಮನೆಯ ಆಯವ್ಯಯದಂತೆ ವಿದ್ಯುತ್ತಿನ ಲೆಕ್ಕವನ್ನೂ ಬರೆಯಬೇಕು. ಸಣ್ಣ ವಿಮಾನಗಳಲ್ಲಿ ಬಳಕೆಯಲ್ಲಿರುವ ರೋಟಾಕ್ಸ್ 912 ಎಂಜಿನ್ನಿನ ಒಳಗಿನ ಜನರೇಟರು ಸುಮಾರು 250 ವ್ಯಾಟ್ ಕೊಡುತ್ತದೆ. 14 ವೋಲ್ಟಿನಲ್ಲಿ ಅದು ಸುಮಾರು 18 ಆಂಪಿಯರ್. ಪರದೆ, ರೇಡಿಯೊ, ದೀಪ, ಪಂಪುಗಳ ಒಟ್ಟು ಬೇಡಿಕೆ ಇದಕ್ಕಿಂತ ಸಾಕಷ್ಟು ಕಡಮೆಯಿರಬೇಕು. ಜನರೇಟರು ಕೆಟ್ಟರೆ ಉಳಿಯುವುದು ಬ್ಯಾಟರಿಯೊಂದೇ. ಅದು 16 ಆಂಪಿಯರ್-ಗಂಟೆಯದೆಂದೂ, ಹಳೆಯದಾಗಿ ಅರ್ಧ ಸಾಮರ್ಥ್ಯವಷ್ಟೇ ಉಳಿದಿದೆಯೆಂದೂ ಭಾವಿಸಿದರೆ, 8 ಆಂಪಿಯರ್ ಬೇಡಿಕೆಗೆ ಅದು ಒಂದು ಗಂಟೆ ಬಾಳುತ್ತದೆ. ಅನಾವಶ್ಯಕವಾದುವನ್ನು ಆರಿಸಿ ಬೇಡಿಕೆಯನ್ನು 4 ಆಂಪಿಯರಿಗೆ ಇಳಿಸಿದರೆ ಎರಡು ಗಂಟೆ. ಈ ಕಾರಣಕ್ಕಾಗಿಯೇ ಅತ್ಯಗತ್ಯ ಉಪಕರಣಗಳಿಗೆ ಬ್ಯಾಟರಿಯಿಂದ ನೇರವಾದ ಪ್ರತ್ಯೇಕ ತಂತಿಮಾರ್ಗವನ್ನು ಒದಗಿಸುವುದು ಲೇಸು. ಪ್ರತಿಯೊಂದು ಮಾರ್ಗಕ್ಕೂ ತಂತಿಯ ಗಾತ್ರಕ್ಕೆ ತಕ್ಕ ಫ್ಯೂಸ್ ಇರಬೇಕು; ಫ್ಯೂಸ್ ಕಾಯುವುದು ಮುಖ್ಯವಾಗಿ ತಂತಿಯನ್ನು, ಬೆಂಕಿಯಾಗದಂತೆ.

ಎಂಜಿನ್ನಿನ ಆಯ್ಕೆಯೂ ಈ ಲೆಕ್ಕವನ್ನು ಬದಲಿಸುತ್ತದೆ. ‘ಹಂಸ-3’ಕ್ಕೆ ಜೋಡಿಸಿದ ರೋಟಾಕ್ಸ್ 914 ಎಂಜಿನ್ನಿನ ಇಂಧನ ಪಂಪುಗಳು ವಿದ್ಯುತ್ತಿನಿಂದಲೇ ನಡೆಯತಕ್ಕವು. ಅಂಥಲ್ಲಿ ವಿದ್ಯುತ್ತು ಮಾಪಕಗಳಿಗೆ ಬೆಳಕು ಮಾತ್ರವಲ್ಲ, ಎಂಜಿನ್ನಿನ ಉಸಿರೂ ಹೌದು.

ಕರೆಂಟು ಹೋದೊಡನೆ ಪಂಪ್‌ಸೆಟ್ಟು ನಿಲ್ಲುತ್ತದೆ. ಹಗ್ಗ-ಬಿಂದಿಗೆಗಳಿದ್ದ ಮನೆಗೆ ಕುಡಿಯುವ ನೀರಾದರೂ ದೊರೆಯುತ್ತದೆ. ಹೊಸ ಪರದೆಯ ಪಕ್ಕದಲ್ಲಿ ವಿದ್ಯುತ್ತು ಬೇಡದ ವೇಗಮಾಪಕ, ಎತ್ತರಮಾಪಕ, ದಿಕ್ಸೂಚಿಗಳನ್ನು ಉಳಿಸಿಕೊಳ್ಳುವ ವಿವೇಕವೂ ಇಂಥದೇ. ವಿಜ್ಞಾನದ ವಿದ್ಯಾರ್ಥಿಯು ಯಂತ್ರವು ಹೇಗೆ ನಡೆಯುತ್ತದೆ ಎಂಬುದರ ಜತೆಗೆ, ಅದು ನಿಂತಾಗ ಏನು ಉಳಿಯುತ್ತದೆ ಎಂದು ಕೇಳುವುದನ್ನೂ ಕಲಿಯಬೇಕು.