ಪ್ಯಾಕೆಟ್ ಮೇಲಿನ ತಾರೀಖು ಯಾವುದಕ್ಕೆ ಹೊಣೆ?

ತಿನ್ನುವ ವಸ್ತುವಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಎರಡು ಪಕ್ಷಗಳಿವೆ. ದಾದಿಯದು ಮೂಗಿನ ಪಕ್ಷ. ಮೂಸಿ ನೋಡಿ ಸರಿ ಅನ್ನಿಸಿದರೆ ಅವರಿಗೆ ಸರಿ. ಭಾಯಿಯದು ತಾರೀಖಿನ ಪಕ್ಷ. ಬ್ರೆಡ್ಡಿನ ಕವರಿನ ಮೇಲೆ ನಿನ್ನೆಯ ತಾರೀಖು ಇದ್ದರೆ ಅವನ ಪಾಲಿಗೆ ಅದು ವಿಷ. ಬಿಸಿನೆಸ್ ಸ್ಟಡೀಸ್‌ನ ಮಾರ್ಕೆಟಿಂಗ್ ಪಾಠದಲ್ಲಿ ಲೇಬಲಿಂಗ್ ಬಗ್ಗೆ ಓದಿದ ಮೇಲೆ, ಇವರಿಬ್ಬರಲ್ಲಿ ಯಾರ ಮಾತು ಸರಿ ಎಂದು ತಿಳಿಯಬೇಕು ಅನ್ನಿಸಿತು. ಇದು ಬರೀ ವಾದವಲ್ಲ. ದಾದಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಸಾದವರು, ಚಿಕ್ಕ ಮಕ್ಕಳು, ಗರ್ಭಿಣಿಯರು, ಇಂಥ ಕಾಯಿಲೆ ಇರುವವರು, ಇವರಿಗೆ ಕೆಟ್ಟ ಆಹಾರ ಉಳಿದವರಿಗಿಂತ ಜೋರಾಗಿ ಹೊಡೆಯುತ್ತದೆ. ಇನ್ನೊಂದು ಕಡೆ, ಚೆನ್ನಾಗಿರುವುದನ್ನು ಕಸಕ್ಕೆ ಹಾಕಿದರೆ ಅಬ್ಬಾನ ಸಂಬಳವೇ ಕಸಕ್ಕೆ ಹೋದಂತೆ.

ಮೊದಲು ಪದಗಳನ್ನು ನೋಡೋಣ. 'ಬೆಸ್ಟ್ ಬಿಫೋರ್' ಎಂದರೆ ಆ ದಿನದವರೆಗೆ ರುಚಿ, ಗರಿಗರಿ, ಬಣ್ಣ ಎಲ್ಲ ಚೆನ್ನಾಗಿರುತ್ತದೆ ಎಂದು. ಅದು ದಾಟಿದ ಮೇಲೂ ಆಹಾರ ಸುರಕ್ಷಿತವಾಗಿರಬಹುದು, ಗುಣಮಟ್ಟ ಮಾತ್ರ ಇಳಿದಿರಬಹುದು. 'ಯೂಸ್ ಬೈ' ಅಥವಾ 'ಎಕ್ಸ್‌ಪೈರಿ' ದಾಟಿದ್ದನ್ನು ಮಾರುವ ಹಾಗೇ ಇಲ್ಲ. ಕನ್ನಡದಲ್ಲಿ ಈ ವ್ಯತ್ಯಾಸ ಮೊದಲಿನಿಂದಲೂ ಇದೆ. ನಿನ್ನೆಯ ಅನ್ನ ತಂಗಳು, ಕೆಟ್ಟ ಅನ್ನ ಹಳಸಿದ್ದು. ತಂಗಳೆಲ್ಲ ಹಳಸಿದ್ದಲ್ಲ. ನಮ್ಮ ಮನೆಯ ಮಾತಿನಲ್ಲಿ ನಿನ್ನೆಯದಕ್ಕೆಲ್ಲ 'ಬಾಸಿ' ಎನ್ನುತ್ತೇವೆ, ಜಗಳಕ್ಕೆ ಅದೂ ಒಂದು ಕಾರಣವಿರಬೇಕು.

ಆದರೆ ಇಲ್ಲೊಂದು ತೊಡಕಿದೆ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನ ಮತ್ತು ಎಕ್ಸ್‌ಪೈರಿ ದಿನ ಕಡ್ಡಾಯ. 'ಬೆಸ್ಟ್ ಬಿಫೋರ್' ಬೇಕಿದ್ದರೆ ಜೊತೆಗೆ ಹಾಕಬಹುದು. ಹಾಗಾಗಿ ಬಿಸ್ಕತ್ತಿನ ಮೇಲೂ ಪನೀರ್ ಮೇಲೂ ಒಂದೇ 'ಎಕ್ಸ್‌ಪೈರಿ' ಪದ ಕಾಣಿಸಬಹುದು. ಎರಡೂ ಒಂದೇ ಥರ ಕೆಡುವುದಿಲ್ಲ. ಬಿಸ್ಕತ್ತಿನಲ್ಲಿ ನೀರಿನ ಅಂಶ ತೀರಾ ಕಡಿಮೆ, ಬ್ಯಾಕ್ಟೀರಿಯಾ ಬೆಳೆಯಲು ಜಾಗವಿಲ್ಲ. ಹಳೆಯದಾದರೆ ಮೆತ್ತಗಾಗುತ್ತದೆ, ಎಣ್ಣೆ ಕಮಟು ಹಿಡಿಯುತ್ತದೆ. ಪನೀರ್‌ನಲ್ಲಿ ನೀರೂ ಇದೆ, ಪ್ರೋಟೀನೂ ಇದೆ. ಪನೀರ್, ಹಾಲು, ಮಾಂಸ, ಮೀನು, ಮಕ್ಕಳ ಹಾಲಿನ ಪುಡಿ, ಇವುಗಳಲ್ಲಿ ಭಾಯಿಯ ಪಕ್ಷಕ್ಕೇ ನನ್ನ ವೋಟು. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯವಾಗುವ ಕಾನೂನು ತಾರೀಖು ಕಡ್ಡಾಯ ಮಾಡಿರುವುದು ಹಸುಗೂಸುಗಳ ಫಾರ್ಮುಲಾ ಒಂದಕ್ಕೆ ಮಾತ್ರ ಎಂದು ಓದಿ ನನಗೆ ಆಶ್ಚರ್ಯವಾಯಿತು.

ಈ ತಾರೀಖನ್ನು ಸರ್ಕಾರ ಕೊಡುತ್ತದೆ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ಅಲ್ಲ, ತಯಾರಕರೇ ನಿರ್ಧರಿಸುತ್ತಾರೆ, ಹೊಣೆಯೂ ಅವರದೇ. ಮಾದರಿ ಪ್ಯಾಕೆಟ್‌ಗಳನ್ನು ಇಂತಿಷ್ಟು ಶಾಖ, ಇಂತಿಷ್ಟು ತೇವದಲ್ಲಿ ಇಟ್ಟು, ಆಗಾಗ ತೆಗೆದು ಸೂಕ್ಷ್ಮಜೀವಿಗಳ ಎಣಿಕೆ, ತೇವಾಂಶ, ಕಮಟು, ರುಚಿ ಎಲ್ಲ ಪರೀಕ್ಷಿಸುತ್ತಾರೆ. ಬೇಗ ತಿಳಿಯಬೇಕಾದರೆ ಹೆಚ್ಚು ಶಾಖದಲ್ಲಿ ಇಡುತ್ತಾರೆ. ಈ ವಿದ್ಯೆಗೆ ನಮ್ಮ ಮೈಸೂರೇ ಹೆಸರುವಾಸಿ. ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಇದೆ. ಸೈನಿಕರ ಆಹಾರಕ್ಕೆಂದೇ 1961ರಲ್ಲಿ ಶುರುವಾದ ಡಿ.ಎಫ್.ಆರ್.ಎಲ್. ಇದೆ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಅವರ ಜೊತೆ ಹೋದ ತಿನಿಸು ಇಲ್ಲಿಯದೇ. ಆದರೂ ಅಶೋಕಪುರಂನ ನಮ್ಮ ಅಡುಗೆಮನೆ ಲ್ಯಾಬ್ ಅಲ್ಲವಲ್ಲ. ತಾರೀಖಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 'ತಂಪಾದ, ಒಣ ಜಾಗದಲ್ಲಿಡಿ' ಎಂದೋ '5 ಡಿಗ್ರಿಗಿಂತ ಕೆಳಗಿಡಿ' ಎಂದೋ ಬರೆದಿರುತ್ತಾರೆ. ತಾರೀಖು ಆ ಷರತ್ತಿಗೆ ಕಟ್ಟುಬಿದ್ದದ್ದು. ಏಪ್ರಿಲ್ ಮಧ್ಯಾಹ್ನದ ಬಿಸಿಲಿನಲ್ಲಿ ಹಾಲಿನ ಪ್ಯಾಕೆಟ್ ಅಂಗಡಿ ಮುಂದಿನ ಟ್ರೇಯಲ್ಲೇ ಇದ್ದರೆ ಅದರ ಮೇಲಿನ ನಾಳೆಯ ತಾರೀಖಿಗೆ ಅರ್ಥವಿಲ್ಲ.

ಎರಡನೇ ಷರತ್ತು ಇನ್ನೂ ದೊಡ್ಡದು. ತಾರೀಖು ಮಾತಾಡುವುದು ಒಡೆಯದ ಪ್ಯಾಕೆಟ್ ಬಗ್ಗೆ ಮಾತ್ರ. ಹಾಲನ್ನೇ ನೋಡಿ. ಸಾಮಾನ್ಯ ಪ್ಯಾಕೆಟ್ ಹಾಲನ್ನು 72 ಡಿಗ್ರಿಯಲ್ಲಿ 15 ಸೆಕೆಂಡ್ ಕಾಯಿಸಿರುತ್ತಾರೆ, ಅದಕ್ಕೆ ಒಂದೆರಡು ದಿನದ ಆಯಸ್ಸು, ಅದೂ ಫ್ರಿಜ್‌ನಲ್ಲಿ. ಯು.ಎಚ್.ಟಿ. ಹಾಲನ್ನು 135 ಡಿಗ್ರಿಗಿಂತ ಮೇಲೆ ಕೆಲವೇ ಸೆಕೆಂಡ್ ಕಾಯಿಸಿ ಗಾಳಿಯಾಡದ ಹಾಗೆ ತುಂಬಿರುತ್ತಾರೆ, ಅದು ಹೊರಗೇ ತಿಂಗಳುಗಟ್ಟಲೆ ಇರುತ್ತದೆ. ಕತ್ತರಿ ತಾಗಿತೋ, ಅದೂ ಸಾಮಾನ್ಯ ಹಾಲೇ. ಮೂರು ತಿಂಗಳಾಚೆಯ ತಾರೀಖು ಇದೆ ಎಂದು ಒಡೆದ ಡಬ್ಬವನ್ನು ಕಪಾಟಿನಲ್ಲಿಟ್ಟರೆ ತಾರೀಖಿನದೇನೂ ತಪ್ಪಿಲ್ಲ.

ಇನ್ನು ನಮ್ಮ ಮನೆಗಳ ಸ್ಟೀಲ್ ಡಬ್ಬಿಗಳು! ಒಂದು ಭಾನುವಾರ ಎಲ್ಲ ಡಬ್ಬಿ ಇಳಿಸಿ ನೋಡಿದೆ. ಅರ್ಧಕ್ಕಿಂತ ಹೆಚ್ಚಿನವಕ್ಕೆ ತಾರೀಖೇ ಇರಲಿಲ್ಲ. ಅಮ್ಮಿ ರವೆಯನ್ನು ಡಬ್ಬಿಗೆ ಸುರಿದು ಕವರ್ ಎಸೆಯುತ್ತಾರೆ, ಹಳೆಯ ರವೆಯ ಮೇಲೆಯೇ ಹೊಸ ರವೆ ಬೀಳುತ್ತದೆ. ಈಗ ತಾರೀಖಿರುವ ತುಂಡನ್ನು ಕತ್ತರಿಸಿ ಡಬ್ಬಿಗೆ ಹೊರಗಿನಿಂದ ಟೇಪ್ ಹಚ್ಚುತ್ತೇವೆ. ಹಳೆಯದು ಮುಗಿದ ಮೇಲೆಯೇ ಹೊಸದು. ಅಂಗಡಿಯವರು ಸ್ಟಾಕ್ ಇಡುವುದೂ ಹೀಗೆಯೇ, ಬೇಗ ಮುಗಿಯುವ ತಾರೀಖಿನದು ಮುಂದೆ.

ಹಾಗಾದರೆ ದಾದಿಯ ಮೂಗು? ಅದನ್ನು ಕಡೆಗಣಿಸಲಾಗದು. ಇಂಗ್ಲೆಂಡಿನ ಮೊರಿಸನ್ಸ್ ಎಂಬ ದೊಡ್ಡ ಅಂಗಡಿಯವರು 2022ರಲ್ಲಿ ತಮ್ಮ ಹೆಚ್ಚಿನ ಹಾಲಿನ ಮೇಲಿನ 'ಯೂಸ್ ಬೈ' ತೆಗೆದು, ಮೂಸಿ ನೋಡಿ ಬಳಸಿ ಎಂದರು. ಆದರೆ ಅಲ್ಲಿ ಹಾಲು ಡೈರಿಯಿಂದ ಮನೆಯ ಫ್ರಿಜ್‌ವರೆಗೆ ತಣ್ಣಗೇ ಬರುತ್ತದೆ, ಮಧ್ಯೆ ಕರೆಂಟ್ ಹೋಗುವುದೂ ಅಪರೂಪ. ಮೂಗಿಗೆ ಇನ್ನೊಂದು ಮಿತಿ ಇದೆ. ವಾಸನೆ ಬರಿಸುವ ಬ್ಯಾಕ್ಟೀರಿಯಾ ಬೇರೆ, ಕಾಯಿಲೆ ತರುವ ಬ್ಯಾಕ್ಟೀರಿಯಾ ಬೇರೆ. ಎರಡನೆಯವು ಎಷ್ಟೋ ಸಲ ವಾಸನೆ, ಬಣ್ಣ, ರುಚಿ ಯಾವುದನ್ನೂ ಬದಲಿಸುವುದಿಲ್ಲ.

ಕಳೆದ ವರ್ಷ ನಮ್ಮ ಸಂಬಂಧಿಕರ ಮನೆಯಲ್ಲಿ ಮದುವೆಯ ಮರುದಿನ ಉಳಿದ ಬಿರಿಯಾನಿ ತಿಂದ ನಾಲ್ವರು ಎರಡು ಮೂರು ಗಂಟೆಯಲ್ಲೇ ವಾಂತಿ ಮಾಡಿಕೊಂಡು ಡ್ರಿಪ್ ಹಾಕಿಸಿಕೊಳ್ಳಬೇಕಾಯಿತು. ಎಲ್ಲರೂ ಹೇಳಿದ್ದು ಒಂದೇ ಮಾತು: "ವಾಸನೆ ಇರಲಿಲ್ಲ, ಚೆನ್ನಾಗಿ ಬಿಸಿ ಮಾಡಿಯೇ ತಿಂದೆವು." ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ದೇಗ್ ಎಷ್ಟು ಹೊತ್ತು ಹೊರಗಿತ್ತು ಎಂದು. ರಾತ್ರಿಯಿಡೀ ಇತ್ತು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಬೇಯಿಸಿದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಕುಳಿತರೆ ಮೊಳೆತು ಬೆಳೆದು ವಿಷ ಬಿಡುತ್ತವೆ. ವಾಂತಿ ಬರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಬಿಸಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ಇಲ್ಲಿ ಕೈಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಎಂದರೆ ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಇಡಬೇಡಿ, ತಣ್ಣಗಿಟ್ಟರೆ 5 ಡಿಗ್ರಿಯ ಕೆಳಗೆ, ಬಿಸಿಯಾಗಿಟ್ಟರೆ 60 ಡಿಗ್ರಿಯ ಮೇಲೆ. ದೊಡ್ಡ ಪಾತ್ರೆಯ ಅನ್ನ ನಡುವೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಗಲದ ತಟ್ಟೆಗಳಿಗೆ ಹರಡಿದರೆ ಬೇಗ ಆರುತ್ತದೆ, ಆಮೇಲೆ ಫ್ರಿಜ್‌ಗೆ. ಆ ದೇಗ್ ಮೇಲೆ ಯಾವ ತಾರೀಖೂ ಇರಲಿಲ್ಲ ಎಂಬುದನ್ನು ಗಮನಿಸಿ. ಮನೆಯಲ್ಲಿ ಹೆಚ್ಚು ಎಚ್ಚರ ಬೇಕಾಗಿರುವುದು ತಾರೀಖಿಲ್ಲದ ಇಂಥವಕ್ಕೇ ಎಂದು ನನ್ನ ಅನಿಸಿಕೆ.

ಬೂಷ್ಟು ಬಂದ ಬ್ರೆಡ್ಡು, ಕಡಲೆಕಾಯಿ ಬೀಜ ಸಿಕ್ಕರೆ ಆ ಭಾಗ ಕಿತ್ತು ಉಳಿದದ್ದನ್ನು ತಿನ್ನುವುದೂ ಬೇಡ. ಬೂಷ್ಟಿನ ಎಳೆಗಳು ಕಾಣದೆ ಒಳಗೆ ಹೋಗಿರುತ್ತವೆ. ಕಡಲೆಕಾಯಿ, ಜೋಳದ ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ಯಕೃತ್ತಿಗೆ ಕೆಡುಕು, ಅದೂ ಅಡುಗೆಯ ಶಾಖಕ್ಕೆ ಹೋಗುವಂಥದಲ್ಲ.

ಬಿಡಿ ಸಿಹಿತಿಂಡಿಗೂ ಈಗ ತಾರೀಖು ಇದೆ. 2020ರ ಅಕ್ಟೋಬರ್ 1ರಿಂದ ಅಂಗಡಿಯವರು ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ 'ಬೆಸ್ಟ್ ಬಿಫೋರ್' ಚೀಟಿ ಇಡಬೇಕು. ತುಪ್ಪ ಸಕ್ಕರೆಯ ಮೈಸೂರು ಪಾಕಿಗೂ ಹಾಲಿನ ರಸಗುಲ್ಲಕ್ಕೂ ಒಂದೇ ಲೆಕ್ಕ ಆಗದು. ಚೀಟಿ ಕಾಣದಿದ್ದರೆ ಕೇಳಿ, ಗ್ರಾಹಕರಿಗೆ ಅದು ಹಕ್ಕು. ತಾರೀಖು ಮುಗಿದದ್ದನ್ನು ಮಾರಿದರೆ ಬಿಲ್ ಮತ್ತು ಪ್ಯಾಕೆಟ್ ಎರಡನ್ನೂ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು.

ಉಳಿದದ್ದು ಬಕ್ರೀದ್ ಮಾಂಸ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಆದರೆ ಸತ್ತಿರುವುದೂ ಇಲ್ಲ. ಕರಗಿದ ಕೂಡಲೇ ಏಳುತ್ತವೆ. ಅದಕ್ಕೆ ಒಂದು ಹೊತ್ತಿಗೆ ಬೇಕಾಗುವಷ್ಟೇ ಚಿಕ್ಕ ಪೊಟ್ಟಣ ಕಟ್ಟಿ, ಫ್ರಿಜ್‌ನ ಕೆಳಗಿನ ಭಾಗದಲ್ಲಿ ಕರಗಿಸಬೇಕು, ಹೊರಗೆ ಕರಗಿದ್ದನ್ನು ಮತ್ತೆ ಫ್ರೀಜರ್‌ಗೆ ತಳ್ಳಬಾರದು. ನಮ್ಮಲ್ಲಿ ಈಗ ಪ್ರತಿ ಪೊಟ್ಟಣದ ಮೇಲೂ ಅಮ್ಮಿ ಮಾರ್ಕರ್‌ನಲ್ಲಿ ಕಟ್ಟಿದ ದಿನ ಬರೆಯುತ್ತಾರೆ. ಅವರು ಬರೆಯುವುದು ಉರ್ದು ಅಂಕಿಗಳಲ್ಲಿ. ದಾದಿಗೆ ಓದಲು ಅನುಕೂಲ. ಭಾಯಿಗೆ ಬಾರದು, ಅವನಿಗಾಗಿ ಅದರ ಕೆಳಗೆ ನಾನು ಇನ್ನೊಮ್ಮೆ ಬರೆಯುತ್ತೇನೆ.